ಪರದೆಯ ಮೇಲಿನ ತಿಪ್ಪೆ

ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಕಸದ ಬುಟ್ಟಿ ಇಲ್ಲ, ತಿಪ್ಪೆ ಇದೆ. ಎಲ್ಲರ ಪರದೆಯ ಮೇಲೂ ಎಡಗಡೆ ಮೂಲೆಯಲ್ಲಿ ರೀಸೈಕಲ್ ಬಿನ್ ಎಂದು ಒಂದು ಡಬ್ಬ ಕೂತಿರುತ್ತದಲ್ಲ, ಅದರ ಜಾಗದಲ್ಲಿ ಉಡಿಗಾಲ ಎಂಬ ಊರಿನ ಒಂದು ಗೊಬ್ಬರದ ಗುಡ್ಡೆ ಇದೆ. ಅದನ್ನು ಅಲ್ಲಿ ಕೂರಿಸಿದವಳು ನಾನೇ. ಕೂರಿಸಿ ಬೀಗಿದವಳೂ ನಾನೇ. ಆಮೇಲೆ ಅದರ ಮುಂದೆ ಗರ ಬಡಿದವಳಂತೆ ಕೂತವಳೂ ನಾನೇ. ಮೂರು ವರ್ಷವಾದರೂ ಬೆಳಿಗ್ಗೆ ಸ್ವಿಚ್ ಹಾಕಿ ಪರದೆ ಮೂಡುವಾಗ ನಾನು ಮೊದಲು ನೋಡುವುದು ಆ ಮೂಲೆಯನ್ನೇ.

ಅಂಗಡಿ ಇರುವುದು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ. ಜೆರಾಕ್ಸ್, ಅರ್ಜಿ ತುಂಬುವುದು, ಪಾಸ್‌ಪೋರ್ಟ್ ಸೈಜಿನ ಫೋಟೋ, ಇಷ್ಟು. ಮನೆ ಬೇಗೂರಿನಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿನಲ್ಲಿ ಹೋಗುವವಳು ನಾನು. ನನಗೊಂದು ಚಟವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ: ಯಾವುದೂ ಎರಡು ದಿನ ಬಿದ್ದಿರಬಾರದು. ಮೇಜಿನ ಮೇಲೆ ಒಂದು ಪಿನ್ನು ಅಡ್ಡಾದಿಡ್ಡಿ ಬಿದ್ದಿದ್ದರೂ ನನಗೆ ಊಟ ಸೇರುವುದಿಲ್ಲ. ಕಂಪ್ಯೂಟರಿನೊಳಗೂ ಅಷ್ಟೇ. ಜನ ನಂಬಿ ಕೊಟ್ಟ ಆಧಾರ್ ಕಾರ್ಡು, ಜಾತಿ ಪ್ರಮಾಣಪತ್ರ, ಮುಖದ ಫೋಟೋ ಕೆಲಸ ಮುಗಿದ ಮೇಲೂ ನಮ್ಮಲ್ಲಿ ಕೊಳೆಯುತ್ತಾ ಇರುವುದು ಸರಿಯಲ್ಲವೆಂದು ಸಂಜೆ ಸಂಜೆಗೆ ಅಳಿಸುತ್ತಿದ್ದೆ. ಶನಿವಾರ ಸಂಜೆ ಬುಟ್ಟಿಯನ್ನೂ ಖಾಲಿ ಮಾಡುತ್ತಿದ್ದೆ. ಈ ಬೀದಿಯಲ್ಲಿ ಇಷ್ಟು ಚೊಕ್ಕಟವಾಗಿರುವವಳು ನಾನೊಬ್ಬಳೇ ಎಂಬ ಜಂಬ ನನಗಿತ್ತು.

ಮಂಡಿನೋವು ಬಂದು ಹೊಲದ ಕೆಲಸ ಬಿಟ್ಟ ಮೇಲೆ ನಮ್ಮ ಅತ್ತೆ, ನನ್ನ ಗಂಡನ ತಾಯಿ, ನನ್ನ ಜೊತೆ ಅಂಗಡಿಗೆ ಬರತೊಡಗಿದರು. ಸುಮ್ಮನೆ ಕೂತು ರೂಢಿಯಿಲ್ಲದ ಜೀವ. ಮೊದಲು ಜೆರಾಕ್ಸ್ ಹಾಳೆ ಜೋಡಿಸಿದರು, ಆಮೇಲೆ ನಾನು ಬ್ಯಾಂಕಿಗೋ ಊಟಕ್ಕೋ ಎದ್ದಾಗ ಬಂದವರನ್ನು ಕೂರಿಸಿಕೊಂಡರು, ಆಮೇಲೆ ಕಂಪ್ಯೂಟರಿಗೇ ಕಣ್ಣು ಹಾಕಿದರು. ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದುತ್ತಾರೆ. ಇಂಗ್ಲಿಷು ಬಾರದು.

"ಈ ಅಳದಿ ಡಬ್ಬಗೊಳೆಲ್ಲ ಒಂದೇ ತರ ಅವೆ. ಯಾವುದ್ರಲ್ಲಿ ಏನದೆ ಅಂತ ಯಂಗೆ ಗೊತ್ತಾಗ್ಬೇಕು ಕಣಮ್ಮಿ?" ಎಂದರು ಒಂದು ದಿನ.

ಮಾತು ನ್ಯಾಯವಾಗಿಯೇ ಇತ್ತು. ಆ ಹಳದಿ ಫೋಲ್ಡರುಗಳನ್ನು ಕಂಡರೆ ನನಗೂ ಆಗುತ್ತಿರಲಿಲ್ಲ. ಚಿತ್ರಗಳನ್ನೇ ಬದಲಾಯಿಸಿದರೆ ಹೇಗೆ ಎಂದುಕೊಂಡೆ. ಅಂತರ್ಜಾಲದಲ್ಲಿ ಸಿದ್ಧ ಐಕಾನುಗಳು ಬೇಕಾದಷ್ಟು ಸಿಗುತ್ತವೆ, ಆದರೆ ಅಲ್ಲಿನ ಮನೆ ನಮ್ಮ ಮನೆಯಂತಿಲ್ಲ, ಅಲ್ಲಿನ ಬುಟ್ಟಿ ನಮ್ಮ ಬುಟ್ಟಿಯಂತಿಲ್ಲ. ಹಾಗಾಗಿ ಕೈಯಾರೆ ಮಾಡಲು ಕೂತೆ. ಮೊಬೈಲಿನಲ್ಲಿ ಫೋಟೋ ತೆಗೆಯುವುದು, ಚೌಕಕ್ಕೆ ಕತ್ತರಿಸುವುದು, ಹಿಂದಿನ ಬಣ್ಣ ತೆಗೆಯುವುದು, ಐಕಾನ್ ಕಡತವಾಗಿ ಪರಿವರ್ತಿಸುವುದು, ಸೆಟ್ಟಿಂಗ್ಸಿನ ಹೊಟ್ಟೆಯೊಳಗೆ ಹೊಕ್ಕು ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುವುದು. ಒಂದೊಂದಕ್ಕೂ ಅರ್ಧ ದಿನ ಹಿಡಿಯಿತು. ಕಂಪ್ಯೂಟರಿನ ಗುರುತಿಗೆ ನಮ್ಮ ಬೇಗೂರಿನ ಮನೆಯ ತಲೆಬಾಗಿಲು. ಇಂಟರ್‌ನೆಟ್ಟಿಗೆ ಹೆದ್ದಾರಿಯ ಕೆಂಪು ಬಸ್ಸು, ಹೊರಗೆ ಹೋಗುವ ದಾರಿ ಅದಲ್ಲವೇ. ಆಯಾ ದಿನದ ಫೋಟೋಗಳು ಬಂದು ಬೀಳುವ ಫೋಲ್ಡರಿಗೆ ಮೊರ. ಪ್ರಿಂಟರಿಗೆ ರೊಟ್ಟಿಯ ಹೆಂಚು. ಅತ್ತೆ ಒಂದೊಂದನ್ನೇ ನೋಡಿ ನಕ್ಕರು, ಹೆಂಚನ್ನು ಕಂಡು ಇನ್ನೂ ಜೋರಾಗಿ ನಕ್ಕರು.

ಕಸದ ಬುಟ್ಟಿಗೆ ಏನು? ನಮ್ಮ ಕಡೆ ಮನೆಯ ಕಸ ಹೋಗುವುದು ತಿಪ್ಪೆಗೆ. ಯೋಚನೆಗೇ ಜಾಗವಿರಲಿಲ್ಲ.

ಬೇಗೂರಿನ ನಮ್ಮ ತಿಪ್ಪೆಯ ಜಾಗದಲ್ಲಿ ಯಾವತ್ತೋ ಶೆಡ್ಡು ಎದ್ದಿದೆ. ಅದಕ್ಕೇ ದೀಪಾವಳಿ ಕಳೆದ ಭಾನುವಾರ ಅತ್ತೆಯ ತವರೂರಾದ ಉಡಿಗಾಲಕ್ಕೆ ಹೋದೆ. ಅತ್ತೆಯ ತಂಗಿಯನ್ನು ಅದೇ ಊರಿನಲ್ಲಿ ಕೊಟ್ಟಿದ್ದರು. ಅವರನ್ನು ನಾನು ಚಿಕ್ಕತ್ತೆ ಎನ್ನುತ್ತಿದ್ದೆ. ಹಣೆ ತುಂಬ ವಿಭೂತಿ, ಕೈ ತುಂಬ ಹಸಿರು ಬಳೆ, ಎಂದೋ ಕುಡುಗೋಲು ತಾಗಿ ಸೊಟ್ಟಗಾದ ಬಲಗೈ ಕಿರುಬೆರಳು. ಫೋಟೋ ಎಂದರೆ ಮಾತ್ರ ಓಡುವ ಹೆಂಗಸು. ಮದುವೆಮನೆಗಳ ಆಲ್ಬಮ್ಮುಗಳಲ್ಲಿ ಅವರಿರುವ ಕಡೆ ಒಂದು ಸೆರಗು ಮಾತ್ರ ಇರುತ್ತಿತ್ತು. ಆಧಾರ್ ಕಾರ್ಡಿನಲ್ಲಿದ್ದದ್ದು ಒಂದು ಕರಿ ಮಸಿ. ಅದನ್ನು ಅವರೇ ಬಂದವರಿಗೆಲ್ಲ ತೋರಿಸಿ, "ಇದು ನಾನೋ ನಮ್ಮೆಮ್ಮೆಯೋ ಏಳಿ ನೋಡನ" ಎಂದು ನಗುತ್ತಿದ್ದರು.

ನಾನು ಹೋದಾಗ ಚಿಕ್ಕತ್ತೆ ಕೊಟ್ಟಿಗೆ ಬಳಿದು ಕುಕ್ಕೆಯಲ್ಲಿ ಸಗಣಿ ತಂದು ತಿಪ್ಪೆಗೆ ಸುರಿಯುತ್ತಿದ್ದರು. ಹಬ್ಬದಲ್ಲಿ ತಿಪ್ಪೆಗೆ ಇಟ್ಟಿದ್ದ ಹಣತೆ, ಬಾಡಿದ ಕುಂಬಳದ ಹೂ ಇನ್ನೂ ಹಾಗೇ ಇದ್ದವು. ಮೊಬೈಲ್ ಎತ್ತಿದ್ದೇ ತಡ, ಸೆರಗು ಮುಖಕ್ಕೆ ಬಂತು.

"ನಿಮ್ದಲ್ಲ ಚಿಕ್ಕತ್ತೆ, ತಿಪ್ಪೇದು. ಒಂಚೂರು ಆಚೆ ಸರೀರಿ" ಎಂದೆ.

"ತಿಪ್ಪೇದಾ? ತಕೊ ತಕೊ. ಅದು ನನ್ಗಿಂತ ಚೆಂದಾಗದೆ" ಎಂದು ಸರಿದರು.

ತುಂಬಿದ ಬುಟ್ಟಿಗೆ ಅವರ ತಿಪ್ಪೆ, ಖಾಲಿ ಬುಟ್ಟಿಗೆ ಪಕ್ಕದವರ ಬರಿದಾದ ಗುಂಡಿ, ಹೀಗೆ ಎರಡು ಚಿತ್ರ ತೆಗೆದುಕೊಂಡೆ. ಅಂಗಡಿಯಲ್ಲಿ ಕತ್ತರಿಸಿ ಕೂರಿಸಿದೆ. ಮೊದಲ ದಿನ ಅದು ಹಟ ಮಾಡಿತು, ಕಸ ಹಾಕಿದರೂ ಗುಂಡಿಯೇ ಕಾಣುತ್ತಿತ್ತು. ಕಂಪ್ಯೂಟರಿನೊಳಗೆ ಸೆಟ್ಟಿಂಗುಗಳದೊಂದು ಪಟ್ಟಿ ಇರುತ್ತದೆ, ರಿಜಿಸ್ಟ್ರಿ ಎನ್ನುತ್ತಾರೆ, ಅದನ್ನು ತೆರೆದು ಚಿತ್ರದ ವಿಳಾಸದ ಕೊನೆಗೆ ಒಂದು ಅಲ್ಪವಿರಾಮ, ಒಂದು ಸೊನ್ನೆ ಸೇರಿಸಬೇಕಂತೆ. ಸೇರಿಸಿದೆ. ಅಲ್ಲಿಂದ ಮುಂದೆ ಒಂದು ಕಡತ ಬಿದ್ದರೂ ಸಾಕು, ಗುಂಡಿ ಹೋಗಿ ತಿಪ್ಪೆ ಏಳುತ್ತಿತ್ತು. ಖಾಲಿ ಮಾಡಿದರೆ ತಿಪ್ಪೆ ಹೋಗಿ ಗುಂಡಿ ಬರುತ್ತಿತ್ತು. ಮೊಬೈಲಿನಲ್ಲಿದ್ದ ಮೂಲ ಫೋಟೋಗಳನ್ನು ಅಂದು ಸಂಜೆಯೇ ಅಳಿಸಿದೆ. ಚಟ ಎಂದೆನಲ್ಲ.

ಅತ್ತೆ ಒಂದೇ ವಾರದಲ್ಲಿ ಕಲಿತರು. ಬಂದವರನ್ನು ನೀಲಿ ಬಟ್ಟೆಯ ಮುಂದೆ ಸ್ಟೂಲಿನ ಮೇಲೆ ಕೂರಿಸಿ ವೆಬ್ ಕ್ಯಾಮೆರಾದಲ್ಲಿ ಫೋಟೋ ತೆಗೆಯುವುದು, ಅದು ಮೊರಕ್ಕೆ ಬೀಳುವುದು, ಅಲ್ಲಿಂದ ಹೆಂಚಿಗೆ. "ಕೆಲಸ ಮುಗಿದದ್ದನ್ನು ಎಳೆದು ತಿಪ್ಪೆಗೆ ಹಾಕಿ ಅತ್ತೆ" ಎಂದು ಹೇಳಿಕೊಟ್ಟೆ. ಅದನ್ನು ಅವರು ಎಷ್ಟು ಅಚ್ಚುಕಟ್ಟಾಗಿ ಮಾಡುತ್ತಿದ್ದರೆಂದರೆ ನನಗೇ ಹೊಟ್ಟೆಕಿಚ್ಚಾಗುತ್ತಿತ್ತು. ಸೋಮವಾರ ಬಂದು ಪರದೆಯ ಮೇಲೆ ಖಾಲಿ ಗುಂಡಿ ಕಂಡಾಗ, "ಎಲ್ಲ ಸಾಗ್ಸಾಯ್ತಾ?" ಎಂದು ಕೇಳುವರು. "ಆಯ್ತು ಅತ್ತೆ" ಎನ್ನುವೆ. ಕೇಳಿದ್ದರಲ್ಲಿ ವಿಶೇಷವೇನೂ ನನಗೆ ಕಾಣಲಿಲ್ಲ.

ಅವರೆಕಾಯಿ ಕಾಲದಲ್ಲಿ ಒಂದು ದಿನ ನಾನು ಬ್ಯಾಂಕಿನಿಂದ ಬರುವಷ್ಟರಲ್ಲಿ ಅಂಗಡಿಯಲ್ಲಿ ನಗುವೋ ನಗು. ಚಿಕ್ಕತ್ತೆ ಒಂದು ಚೀಲ ಅವರೆಕಾಯಿ ಹೊತ್ತು ಬಂದಿದ್ದರು. ಅತ್ತೆ ತಮ್ಮ ತಂಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಸೆರಗು ಎಳೆದುಕೊಳ್ಳುವ ಮೊದಲೇ ಫೋಟೋ ತೆಗೆದುಬಿಟ್ಟಿದ್ದರು. ಪರದೆ ನೋಡಿದೆ. ಮುಂದಿನ ಒಂದು ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ಚಿಕ್ಕತ್ತೆ ನಗುತ್ತಿದ್ದರು. ನಾನು ಸಾವಿರ ಮುಖ ತೆಗೆದಿದ್ದೇನೆ, ಅಂಥದ್ದೊಂದು ನನ್ನ ಕೈಯಲ್ಲಿ ಬಂದಿಲ್ಲ.

"ಈಗ್ಲೇ ಪ್ರಿಂಟ್ ಆಕ್ಬೇಡ ಕಣವ್ವ. ಯುಗಾದಿಗೆ ಊ ಮುಡ್ಕೊಂಡ್ ಬತ್ತೀನಿ, ಅಲ್ಗಂಟ ಮಡಗಿರು" ಎಂದರು ಚಿಕ್ಕತ್ತೆ.

"ನಾನ್ ಮಡಗ್ತೀನಿ ಬುಡು" ಎಂದರು ಅತ್ತೆ. ನಾನು ಅವರೆಕಾಯಿ ಚೀಲ ಬಿಚ್ಚುತ್ತಿದ್ದೆ.

ಚಿಕ್ಕತ್ತೆಗೆ ಯುಗಾದಿ ಬರಲಿಲ್ಲ. ಸಂಕ್ರಾಂತಿ ಕಳೆದು ಬಂದ ಭಾನುವಾರ, ಪಾತ್ರೆ ತೊಳೆಯುತ್ತಿದ್ದವರು ಎದೆ ಹಿಡಿದಂಗಾಯ್ತದೆ ಎಂದು ಕೂತರಂತೆ. ಚಾಮರಾಜನಗರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಮಗೆ ಫೋನು ಬಂದಾಗ ಅತ್ತೆ ಕಾಳು ಬಿಡಿಸುತ್ತಿದ್ದರು, ಆ ಕಾಳು ಅಲ್ಲೇ ಉಳಿಯಿತು. ಮಾರನೆಯ ದಿನ ಚಿಕ್ಕತ್ತೆಯನ್ನು ಅವರದೇ ಹೊಲದಲ್ಲಿ ಮಣ್ಣು ಮಾಡಿದರು.

ಮಣ್ಣು ಮಾಡಿ ಬಂದು ಎಲ್ಲರೂ ಜಗುಲಿಯ ಮೇಲೆ ಕೂತಿದ್ದಾಗ ಚಿಕ್ಕತ್ತೆಯ ಮಗ ಆಧಾರ್ ಕಾರ್ಡು ಹಿಡಿದು ಬಂದ. "ಅನ್ನೊಂದನೇ ದಿನಕ್ಕೆ ಫೋಟೋ ಬೇಕು. ಇದೊಂದೇ ಇರೋದು. ಇದ್ರಲ್ಲಿ ಅವ್ವನ ಮುಕವೇ ಇಲ್ವಲ್ಲ ಅತ್ಗೆ" ಎಂದ. ಅವನಿಗೆ ನಲವತ್ತರ ಮೇಲೆ ವಯಸ್ಸು, ತಾಯಿಯ ಮುಖ ಎಲ್ಲೂ ಇಲ್ಲವೆಂಬುದು ಅವನಿಗೆ ಆ ದಿನವೇ ಹೊಳೆದದ್ದು.

ಅತ್ತೆ ಕಂಬಕ್ಕೆ ಒರಗಿದ್ದವರು ತಲೆ ಎತ್ತಿದರು. "ಫೋಟೋ ಅದೆ ಕಣ್ಲಾ. ನಾನೇ ತಗ್ದಿವ್ನಿ. ತಿಪ್ಪೇಲದೆ" ಎಂದರು.

ಜಗುಲಿಯ ಮೇಲಿದ್ದವರೆಲ್ಲ ಹಿತ್ತಲ ಕಡೆ ನೋಡಿದರು. ಮುದುಕಿಗೆ ದುಃಖದಲ್ಲಿ ತಲೆ ಕೆಟ್ಟಿತೆಂದು ಯಾರೋ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಯಾವ ತಿಪ್ಪೆ ಎಂದು ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. ಅವರೆಕಾಯಿ ತಂದ ದಿನದಿಂದ ಈಚೆಗೆ ಎಷ್ಟು ಶನಿವಾರ ಕಳೆದವೆಂದು ಬೆರಳು ಮಡಿಸಿದೆ. ಐದು. ಐದು ಸಲ ನಾನು ಅದನ್ನು ಖಾಲಿ ಮಾಡಿದ್ದೆ.

ಅತ್ತೆ ಆ ಹೊತ್ತಿಗೇ ಎದ್ದರು. ಬೇಡವೆಂದು ಹೇಳುವ ಧೈರ್ಯ ನನಗಿರಲಿಲ್ಲ. ಉಡಿಗಾಲದಿಂದ ಗುಂಡ್ಲುಪೇಟೆಯವರೆಗೆ ಬಸ್ಸಿನಲ್ಲಿ ಅವರ ಪಕ್ಕ ಕೂತು ಶನಿವಾರಗಳನ್ನೇ ಮತ್ತೆ ಮತ್ತೆ ಎಣಿಸಿದೆ. ದೇವರೇ, ಹೇಗಾದರೂ ಅದು ಇರಲಿ, ನಾನು ಮರೆತ ಒಂದು ಶನಿವಾರವಾದರೂ ಇರಲಿ ಎಂದು ಬೇಡಿಕೊಂಡೆ. ನಾನು ಮರೆಯುವವಳಲ್ಲ ಎಂದು ನನಗೇ ಗೊತ್ತಿತ್ತು.

ಶೆಟರ್ ಎತ್ತಿ ಕಂಪ್ಯೂಟರ್ ಹಾಕಿದೆ. ತಲೆಬಾಗಿಲು ಬಂತು, ಬಸ್ಸು ಬಂತು, ಮೊರ, ಹೆಂಚು. ಮೂಲೆಯಲ್ಲಿ ಬರಿದಾದ ಗುಂಡಿ.

ಅತ್ತೆ ಅದನ್ನು ನೋಡಿ ಗಾಬರಿಯಾಗಲಿಲ್ಲ. ಎಂದಿನಂತೆಯೇ ಕೇಳಿದರು. "ಸಾಗ್ಸ್ಬುಟ್ಟಿದ್ದೀಯಾ. ಯಾವ ಒಲಕ್ಕೆ ಆಕ್ದೆ ಕಣಮ್ಮಿ?"

ಆ ಪ್ರಶ್ನೆ ನನ್ನ ಮುಖಕ್ಕೆ ಹೊಡೆದಂತಾಯಿತು. ಇಷ್ಟು ದಿನ ಅವರು ಏನೆಂದುಕೊಂಡಿದ್ದರೆಂದು ಆ ಒಂದು ಮಾತಿನಲ್ಲಿ ನನಗೆ ಪೂರ್ತಿ ತಿಳಿಯಿತು. ನನಗೆ ತಿಪ್ಪೆಯೆಂದರೆ ಕಸ. ಅದಕ್ಕೆ ದೀಪ ಇಡುತ್ತಿದ್ದವರು ಅವರು. ತಿಪ್ಪೆಗೆ ಬಿದ್ದದ್ದು ಅವರ ಅರವತ್ತು ವರ್ಷದ ಬಾಳಿನಲ್ಲಿ ಒಂದು ಸಲವೂ ಕಳೆದುಹೋಗಿರಲಿಲ್ಲ, ಹೊಲಕ್ಕೇ ಹೋಗಿತ್ತು. ಈ ಪೆಟ್ಟಿಗೆಯೊಳಗೆ ಎಲ್ಲೋ ಒಂದು ಹೊಲವಿದೆ, ವಾರಕ್ಕೊಂದು ಸಲ ಸೊಸೆ ಎಲ್ಲವನ್ನೂ ಅಲ್ಲಿಗೆ ಸಾಗಿಸುತ್ತಾಳೆ ಎಂದು ನಂಬಿಕೊಂಡಿದ್ದರು.

"ಹೊಲ ಇಲ್ಲ ಅತ್ತೆ" ಎಂದೆ.

ಅವರು ನನ್ನ ಮುಖ ನೋಡಿದರು. "ಒಲ ಇಲ್ದೆ ಇದ್ಮೇಲೆ ತಿಪ್ಪೆ ಯಾಕ್ ಮಡಗ್ದೆ?" ಎಂದು ಕೇಳಿದರು.

ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಅಲ್ಲಿ ಯಾಕೆ ಹಾಕಿದಿರಿ, ಮೊರದಲ್ಲೇ ಬಿಡಬಹುದಿತ್ತಲ್ಲ ಎಂದು ಸಾವಿನ ಮನೆಯಿಂದ ಬಂದ ಹೆಂಗಸನ್ನು ಗದರಿದೆ. ಅವರು ದನಿ ಏರಿಸದೆ ಹೇಳಿದರು: "ಮೊರದಲ್ಲಿರೋದ್ನ ನೀನು ಸಂಜಿಗೆ ಕೊಡವ್ಬುಡ್ತೀಯಲ್ಲ ಮಗ. ಅದ್ಕೇ ತಗ್ದು ತಿಪ್ಪೇಲಿ ಮಡಗ್ದೆ."

ನನ್ನಿಂದ ಕಾಪಾಡಲೆಂದೇ ಅಲ್ಲಿಟ್ಟಿದ್ದರು. ಚಿಕ್ಕತ್ತೆ ಕೂತಿದ್ದ ಸ್ಟೂಲಿನ ಮೇಲೆಯೇ ಕೂತೆ. ಸಿಟ್ಟೆಲ್ಲ ನನ್ನ ಮೇಲೆ ತಿರುಗಿತು.

ಮಾರನೆಯ ದಿನ ವೈರು ಕಿತ್ತು ಕಂಪ್ಯೂಟರಿನ ಪೆಟ್ಟಿಗೆಯನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ಚಾಮರಾಜನಗರಕ್ಕೆ ಹೋದೆ. ಅಲ್ಲಿ ಅಳಿಸಿದ್ದನ್ನು ತೆಗೆದುಕೊಡುವ ಒಬ್ಬ ರಿಪೇರಿಯವರಿದ್ದಾರೆ, ಮಾತು ಕಡಿಮೆ, ಕೆಲಸ ಗಟ್ಟಿ. ಅವರು ಯಾವುದೋ ತಂತ್ರಾಂಶ ಓಡಿಸಿದರು. ಮಧ್ಯಾಹ್ನದ ಹೊತ್ತಿಗೆ ಪರದೆಯ ತುಂಬ ಮುಖಗಳು ಏಳತೊಡಗಿದವು. ಯಾವಾಗಲೋ ಅಳಿಸಿ ಮರೆತವರೆಲ್ಲ ಅಲ್ಲಿದ್ದರು. ವಿಧವಾ ವೇತನಕ್ಕೆಂದು ಬಂದ ಉಮ್ಮತ್ತೂರಿನ ಹೆಂಗಸು, ಶಾಲೆಗೆ ಸೇರುವ ಮಕ್ಕಳು, ಮದುವೆಗೆ ಗಂಡು ನೋಡಲು ಫೋಟೋ ತೆಗೆಸಿದ ಹುಡುಗಿಯರು. ಚೊಕ್ಕಟ ಮಾಡಿದೆ ಮಾಡಿದೆ ಎಂದು ನಾನು ಬೀಗುತ್ತಿದ್ದದ್ದು ಸುಳ್ಳಾಗಿತ್ತು, ಒಬ್ಬರೂ ಪೂರ್ತಿ ಹೋಗಿರಲಿಲ್ಲ. ಕೆಲವರಿಗೆ ಅರ್ಧ ಮುಖ, ಅರ್ಧ ಬೂದು ಬಣ್ಣ. ಚೆನ್ನಾಗಿ ಕಾಣಲೆಂದು ರಿಪೇರಿಯವರು ಎಲ್ಲ ಚಿತ್ರಗಳನ್ನೂ ದೊಡ್ಡದು ಮಾಡಿಕೊಟ್ಟರು. ಒಂದೊಂದನ್ನೂ ನೋಡಿದೆ, ಮತ್ತೆ ಮೊದಲಿಂದ ನೋಡಿದೆ. ಹೋದವರೆಲ್ಲ ಬಂದಿದ್ದರು, ಚಿಕ್ಕತ್ತೆ ಬರಲಿಲ್ಲ.

"ಅದರ ಜಾಗದಲ್ಲಿ ಬೇರೇದು ಕೂತುಬಿಟ್ಟದೆ ಮೇಡಂ. ಇನ್ನು ಸಿಕ್ಕಲ್ಲ" ಎಂದರು ಅವರು.

ಅಂಗಡಿಗೆ ಬಂದು ವೈರು ಸಿಕ್ಕಿಸಿದೆ. ಅತ್ತೆ ನೀಲಿ ಬಟ್ಟೆಯ ಕೆಳಗೆ ಕೂತು ಕಾಯುತ್ತಿದ್ದರು. ಸಿಗಲಿಲ್ಲವೆಂದು ತಲೆ ಅಲ್ಲಾಡಿಸಿದೆ. ರಿಪೇರಿಯವರು ತೆಗೆದ ಪರರ ಮುಖಗಳನ್ನೆಲ್ಲ ಒಟ್ಟಿಗೆ ಹಿಡಿದು ಎಳೆದು ಹಾಕಿದೆ. ಗುಂಡಿ ಹೋಗಿ ತಿಪ್ಪೆ ಎದ್ದಿತು. ಡೆಸ್ಕ್‌ಟಾಪಿನ ಚಿತ್ರಗಳನ್ನೂ ಅವರು ದೊಡ್ಡದು ಮಾಡಿ ಹಾಗೇ ಬಿಟ್ಟಿದ್ದರು. ಹೆಬ್ಬೆಟ್ಟಿನಷ್ಟಿದ್ದ ತಿಪ್ಪೆ ಈಗ ಅಂಗೈ ಅಗಲ ಇತ್ತು.

ಅತ್ತೆ ಎದ್ದು ಬಂದರು. ಮೂಗು ತಗಲುವಷ್ಟು ಹತ್ತಿರ ಬಗ್ಗಿದರು.

"ಇದು ಅವ್ಳ ಕೈ ಕಣಮ್ಮಿ."

ನಾನು ನೋಡಿದೆ. ತಿಪ್ಪೆಯ ಬಲ ಅಂಚಿನಲ್ಲಿ ಕುಕ್ಕೆಯ ಒಂದು ಬದಿ. ಅದನ್ನು ಹಿಡಿದ ನಾಲ್ಕು ಬೆರಳು, ಹಸಿರು ಬಳೆ. ಕಿರುಬೆರಳು ಸೊಟ್ಟ. ಒಂಚೂರು ಆಚೆ ಸರೀರಿ ಎಂದು ನಾನು ಹೇಳಿದ್ದು ಕಿವಿಯಲ್ಲಿ ಕೇಳಿದಂತಾಯಿತು. ಅವರು ಸರಿದಿದ್ದರು, ಕೈ ಅಷ್ಟು ಉಳಿದಿತ್ತು, ಚೌಕ ಕತ್ತರಿಸುವಾಗ ಮಿಕ್ಕ ಅವರನ್ನು ನಾನು ಕತ್ತರಿಸಿ ಬಿಸಾಡಿದ್ದೆ. ಎರಡು ತಿಂಗಳ ಮೇಲಾಗಿತ್ತು. ದಿನಕ್ಕೆ ನೂರು ಸಲ ಆ ಚಿತ್ರದ ಮೇಲೆ ಮೌಸಿನ ಬಾಣ ಒಯ್ದಿದ್ದೆ, ಒಂದು ಸಲವೂ ಆ ಕೈಯನ್ನು ಕಂಡಿರಲಿಲ್ಲ. ಆಗ ಬಂದ ಅಳುವನ್ನು ತಡೆಯಲು ಆಗಲಿಲ್ಲ. ಅತ್ತೆ ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದರು.

"ಇದ್ನೇ ಎಂಚಿಗೆ ಆಕು" ಎಂದರು ಕೊನೆಗೆ.

ಹಾಕಿದೆ. ಹನ್ನೊಂದನೇ ದಿನ ಉಡಿಗಾಲದ ಮನೆಯಲ್ಲಿ ಚೌಕಟ್ಟಿನೊಳಗೆ ಇದ್ದದ್ದು ಅದೇ, ಮಂಕಾಗಿ, ಚುಕ್ಕೆಚುಕ್ಕೆಯಾಗಿ. ಮುಖ ಎಲ್ಲಿ ಎಂದು ಕೇಳಿದವರಿಗೆ ಚಿಕ್ಕತ್ತೆಯ ಮಗ ಬೆರಳು ತೋರಿಸಿ, "ಅವ್ವನ ಕೈ" ಎನ್ನುತ್ತಿದ್ದ. ಅದಕ್ಕೇ ಹೂವಿನ ಹಾರ ಹಾಕಿದರು, ಅದಕ್ಕೇ ವಿಭೂತಿ ಇಟ್ಟರು.

ಜನರ ಕಾಗದಗಳನ್ನು ಇಟ್ಟುಕೊಳ್ಳುವಂತಿಲ್ಲ, ಆದ್ದರಿಂದ ಶನಿವಾರ ಸಂಜೆ ಈಗಲೂ ಖಾಲಿ ಮಾಡುತ್ತೇನೆ. ಮಾಡುವ ಮೊದಲು ಒಂದೊಂದನ್ನೂ ತೆರೆದು ನೋಡುತ್ತೇನೆ, ಬಸ್ಸು ತಪ್ಪಿದರೂ ಸರಿ. ಅತ್ತೆಯೂ ಈಗ ಶನಿವಾರ ಕೊನೆಯವರೆಗೂ ಇರುತ್ತಾರೆ. ಖಾಲಿ ಮಾಡಿದ ಕೂಡಲೇ ಪರದೆಯ ಮೂಲೆಯಲ್ಲಿ ಬರೀ ಗುಂಡಿ. ಬೇಗಬೇಗ ಏನೂ ಬರೆಯದ ಒಂದು ಕಡತ ಮಾಡಿ ಎಳೆದು ಅದರೊಳಗೆ ಹಾಕುತ್ತೇನೆ. ತಿಪ್ಪೆ ಏಳುತ್ತದೆ, ಅಂಚಿನಲ್ಲಿ ಆ ಕೈ.

ಅತ್ತೆಗೆ ಈಗ ಕಣ್ಣು ಮಂಜು. ಸ್ಟೂಲಿನ ಮೇಲಿಂದಲೇ ಕೇಳುತ್ತಾರೆ.

"ಬಂದ್ಲಾ?"

"ಬಂದ್ರು ಅತ್ತೆ."